ಎಸ್ಪ್ರೆಸೊ ಇಳಿಯದ ಬೆಳಿಗ್ಗೆ

ತುಮಕೂರಿನಲ್ಲಿ ನಾಗಭೂಷಣ ಎಂಬ ಟೈಲ್ಸ್ ವ್ಯಾಪಾರಿ ಇದ್ದ. ಭಗವಂತ ಅವನಿಗೆ ಎಲ್ಲವನ್ನೂ ಕೊಟ್ಟಿದ್ದ... ತಾಳ್ಮೆಯೊಂದನ್ನು ಬಿಟ್ಟು.

ಸಿಟ್ಟು ಬಂದರೆ ಅವನ ಬಾಯಿಗಿಂತ ಮೊದಲು ಕೈ ಮಾತಾಡುತ್ತಿತ್ತು.

ಯುಗಾದಿಗೆ ಬಂದಿದ್ದ ಹೆಂಡತಿ ಪಾರಿಜಾತಳ ಅಣ್ಣ ಸಿದ್ದೇಶ, ತಂಗಿಯ ಊದಿದ ಕೆನ್ನೆ ನೋಡಿ ಹೇಳಿಯೇ ಹೋಗಿದ್ದ...

"ಇನ್ನೊಂದ್ಸಲ ಇವಳ ಮೇಲೆ ಕೈ ಎತ್ತಿದ್ರೆ ಕರ್ಕೊಂಡೋಗ್ತೀನಿ. ವಾಪಸ್ ಕಳ್ಸಲ್ಲ."

ಅಂದಿನಿಂದ ನಾಗಭೂಷಣ ಹೊಡೆದಿರಲಿಲ್ಲ. ಆದರೆ ಸಿಟ್ಟು ಎಲ್ಲಿಗೆ ಹೋದೀತು?

ಒಂದು ಭಾನುವಾರ ಬೆಳಿಗ್ಗೆ... ಅಡುಗೆಮನೆಯಲ್ಲಿ ಒತ್ತಡದಿಂದ ಕಾಫಿ ಇಳಿಸುವ ಹೊಸ ಎಸ್ಪ್ರೆಸೊ ಮಷಿನ್. ನಾಗಭೂಷಣ ಹಿಡಿ ಇರುವ ಬಟ್ಟಲಿಗೆ ಕಾಫಿ ಪುಡಿ ತುಂಬಿ, ಒತ್ತಿ, ಮಷಿನ್‌ಗೆ ತಿರುಗಿಸಿ ಸಿಕ್ಕಿಸಿದ. ಸ್ವಿಚ್ ಹಾಕಿದ.

ಮಷಿನ್ ಗೊರಗುಟ್ಟಿತು. ಒಂದು ಹನಿಯೂ ಇಳಿಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ಪಾರಿಜಾತ ಅಂದಳು...

"ರೀ, ನೀವ್ ಹಾಕಿರೋದು ನಮ್ ಫಿಲ್ಟರ್ ಪುಡಿ. ಚಿಕೋರಿ ಇದೆ, ನೀರು ಬಿದ್ರೆ ಅಂಟಾಗಿ ಕಟ್ಕೊಳತ್ತೆ. ಇದಕ್ಕೆ ಚಿಕೋರಿ ಇಲ್ದಿರೋ ಪುಡಿ ಬೇಕು..."

"ನಿಮ್ಮಪ್ಪಂದು ಕಾಫಿ ಎಸ್ಟೇಟ್ ಇತ್ತೇನೇ? ಸುಮ್ನಿರು!"

ಸ್ವಿಚ್ ಆರಿಸಿ, ಸದ್ದು ಅಡಗಿದ ಮೇಲೆ ಬಟ್ಟಲು ಬಿಚ್ಚಿ ಮತ್ತೆ ಅದೇ ಪುಡಿ ತುಂಬಿದ. ಈ ಸಲ ಮುಷ್ಟಿಯಿಂದ ಗುದ್ದಿ ಗುದ್ದಿ ಒತ್ತಿದ. ಮಷಿನ್ ನರಳಿತು, ನಡುಗಿತು... ಕಪ್ ಖಾಲಿ.

ಆ ಕಪ್ಪನ್ನೇ ಎತ್ತಿ ಗೋಡೆಗೆ ಬೀಸಿದ. ಪಿಂಗಾಣಿ ಚೂರುಗಳು ಪಾರಿಜಾತಳ ಕಾಲ ಬುಡಕ್ಕೆ ಸಿಡಿದವು.

"ಆಫ್ ಮಾಡಿ ರೀ... ಪ್ರೆಶರ್ ಇಳೀಲಿ, ಆಮೇಲ್ ಬಿಚ್ಚಿ!"

ಅವನು ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದು ಎಳೆದೇ ಬಿಟ್ಟ.

ಢಬ್!

ಕುದಿಯುವ ಕಾಫಿ ಚರಟ ಗುಂಡಿನಂತೆ ಸಿಡಿಯಿತು... ಆದರೆ ಅವನ ಮುಖಕ್ಕೆ ಬೀಳಲಿಲ್ಲ. ಅಡ್ಡ ಬಂದಿದ್ದು ಪಾರಿಜಾತಳ ತೋಳು.

ಅವಳ ಚೀರಾಟಕ್ಕೆ ಅವನ ಸಿಟ್ಟು ಸತ್ತೇಹೋಯಿತು. ಅವಳನ್ನು ನಲ್ಲಿಯ ಹತ್ತಿರ ಎಳೆದು ತೋಳಿಗೆ ತಣ್ಣೀರು ಬಿಟ್ಟ. ಕೆಂಪಾದ ಚರ್ಮದ ಮೇಲೆ ಆಗಲೇ ಬೊಬ್ಬೆ ಏಳುತ್ತಿತ್ತು.

ಮೇಲಿನ ಶೆಲ್ಫಿನಲ್ಲಿದ್ದ ಶುಭ್ರ ಬಟ್ಟೆ ತೆಗೆಯಲು ಅವನು ಕೈ ಎತ್ತಿದ...

ಪಾರಿಜಾತ ಗಕ್ಕನೆ ಕುಸಿದು, ಅದೇ ಸುಟ್ಟ ತೋಳನ್ನು ಮುಖಕ್ಕೆ ಅಡ್ಡ ಹಿಡಿದಳು.

"ಬೇಡ ರೀ... ಹೊಡೀಬೇಡಿ... ಇನ್ಮೇಲೆ ಏನೂ ಹೇಳಲ್ಲ..."

ಅವನ ಕೈ ಗಾಳಿಯಲ್ಲೇ ನಿಂತಿತು.

ಕುದಿಯುವ ಕಾಫಿಗೆ ಹೆದರದೆ ತೋಳು ಒಡ್ಡಿದವಳು... ಕಟ್ಟಿಕೊಂಡ ಗಂಡನ ಕೈಗೆ ಹೆದರಿದ್ದಳು.

ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಆಗುತ್ತಿದ್ದಂತೆ ಅವನೇ ಸಿದ್ದೇಶನಿಗೆ ಫೋನ್ ಮಾಡಿದ.

"ಬಂದು ಕರ್ಕೊಂಡೋಗಿ ಭಾವ."

"ಹೊಡುದ್ರಾ?!"

"ಹೊಡೀಲಿಲ್ಲ... ಆದ್ರೆ ಬಟ್ಟೆ ತಗೊಳಕ್ಕೆ ಕೈ ಎತ್ತಿದ್ರೂ ಹೆದ್ರುತಾಳೆ. ಆ ಹೆದ್ರಿಕೆ ಹುಟ್ಟಿಸ್ದೋನು ನಾನೇ. ಅದು ಹೋಗೋವರ್ಗೂ ನಿಮ್ಮನೇಲಿರ್ಲಿ. ನಾನು ಬದಲಾಗಿದೀನಾ ಇಲ್ವಾ ಅನ್ನೋದನ್ನ ಅವಳೇ ಹೇಳ್ಲಿ... ನಾನಲ್ಲ."

ಫೋನ್ ಇಟ್ಟವನೇ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮಗುವಿನ ಹಾಗೆ ಅತ್ತ.

ಪಾರಿಜಾತ ಸಮಾಧಾನ ಮಾಡಲಿಲ್ಲ. ಬೈಯಲೂ ಇಲ್ಲ.

ಅಣ್ಣನ ಕಾರು ಬಂದಾಗ ಗಂಡನ ಮುಂದೆಯೇ ನಡೆದು ಹೋದಳು... ಎಷ್ಟೋ ವರ್ಷಗಳ ಮೇಲೆ, ತಲೆ ತಗ್ಗಿಸದೆ.

🙏

ಹೊಡೆಯದಿದ್ದರೆ ಸಾಲದು... ನಮ್ಮ ಕೈ ಕಂಡರೆ ಮನೆಯವರು ಬೆಚ್ಚಬಾರದು.

ನೀವು ಕೈ ಎತ್ತಿದಾಗ ನಿಮ್ಮ ಮನೆಯವರಿಗೆ ನೆನಪಾಗುವುದು ಆಶೀರ್ವಾದವೋ... ಏಟೋ?