ಕಾಗೆಗೆ ಎಂಥ ಗುಂಡು

ಹೆಂಡತಿ ತಾರಸಿಯಲ್ಲಿ ಒಣಹಾಕಿದ ಸಂಡಿಗೆಗೆ ಕಾಗೆಗಳ ಕಾಟ ವಿಪರೀತವಾದಾಗ ಅವನು ಏರ್‌ಗನ್ ಅಂಗಡಿಗೆ ಹೋದ.

“ಕಾಗೆಗೆ ಪಾಯಿಂಟ್ ಒನ್ ಸೆವೆನ್ ಸೆವೆನ್ ಗುಂಡು ಸಾಕಲ್ವಾ?”

“ಅದು ಸಣ್ಣ ಗುಂಡು ಸಾರ್, ಬರೀ ಗಾಯ ಮಾಡಿ ನರಳಿಸುತ್ತೆ. ಪಾಯಿಂಟ್ ಟೂ ಟೂ ತಗೊಳ್ಳಿ. ಒಂದು ಸತ್ತುಬಿದ್ರೆ ಮಿಕ್ಕವು ಆ ಕಡೆ ತಲೆ ಹಾಕಲ್ಲ.”

ಹಾಗೇ ಆಯಿತು. ಒಂದೇ ಏಟಿಗೆ ಒಂದು ಕಾಗೆ ಬಿತ್ತು. ಮಿಕ್ಕವು ಬೀದಿಯನ್ನೇ ಬಿಟ್ಟು ಹೋದವು.

“ಈ ಸಲ ಡಬ್ಬದ ತುಂಬ ಸಂಡಿಗೆ ಕಣ್ರೀ!” ಅವಳು ಹಿರಿಹಿರಿ ಹಿಗ್ಗಿದಳು.

ಡಬ್ಬ ಅರ್ಧವಾಗುವ ಮೊದಲೇ ಅವಳು ಹೋಗಿಬಿಟ್ಟಳು.

ಹನ್ನೊಂದನೆಯ ದಿನ ತಾರಸಿಯಲ್ಲಿ ಎಲೆ ಹಾಕಿ ಪಿಂಡವಿಟ್ಟು, ಪಕ್ಕದಲ್ಲಿ ಅವಳದೇ ಸಂಡಿಗೆ ಕರಿದಿಟ್ಟರು. “ಕಾಗೆ ಬಂದು ಮುಟ್ಟಿದರೇ ಅವರಿಗೆ ತೃಪ್ತಿ,” ಎಂದರು ಪುರೋಹಿತರು.

ಹೊತ್ತು ಇಳಿದರೂ ಅವನು ಬರಿದಾದ ಆಕಾಶ ನೋಡುತ್ತ ಕೂಗುತ್ತಲೇ ಇದ್ದ: “ಕಾ... ಕಾ... ಬಾರೇ...”