ಹೆಂಚಿನ ಕೆಂಪು

ನಾಟಕ ಕಂಪನಿಗೆ ಪರದೆ ಬರೆಯುವ ಮೇಸ್ತ್ರಿಯ ಬಳಿ ಅವಳು ಹಳ್ಳಿಯ ಚಿತ್ರ ಬರೆಯಲು ಕಲಿಯುತ್ತಿದ್ದಳು. ಮೊದಲು ಆಕಾಶ, ಅದು ಒಣಗಿದ ಮೇಲೆ ಗುಡ್ಡ, ಅದರ ಮೇಲೆ ಹಸಿರು ಹೊಲ, ಬಿಳಿ ಮನೆ. ಎಲ್ಲಕ್ಕೂ ಕೊನೆಗೆ ಹೆಂಚಿನ ಕೆಂಪು.

“ರೊಟ್ಟಿ ಬಡಿಯೋ ಕೈಗೆ ಇದೆಲ್ಲಿ ಬರಬೇಕು? ಸಂಜೀಕ ಬಂದು ನೋಡ್ತೀನಿ. ಕೆಂಪು ಕೆಡಿಸಿದಿ ಅಂದ್ರ ನಾಳೆಯಿಂದ ಬರಬ್ಯಾಡ,” ಎಂದು ಮೇಸ್ತ್ರಿ ಬೆಳಿಗ್ಗೆಯೇ ಗದರಿಸಿ ಹೋಗಿದ್ದರು.

ಗಾಬರಿಯಲ್ಲಿ ಅವಳು ಮನೆಗೂ ಹೆಂಚಿಗೂ ಮೊದಲು ಬಳಿಯುವ ಬಿಳಿ ಬಣ್ಣಕ್ಕೆ ಅಂಟು ಹೆಚ್ಚು ಬೆರೆಸಿಬಿಟ್ಟಳು. ಸಂಜೆಯಾದರೂ ಅದು ಒಣಗಲಿಲ್ಲ. ಹಸಿಯ ಮೇಲೆ ಕೆಂಪು ಬಳಿದರೆ ಎಲ್ಲ ಕಲಸಿಹೋಗುತ್ತದೆಂದು ಹೆಂಚುಗಳನ್ನು ಬೆಳ್ಳಗೇ ಬಿಟ್ಟು ಕಾಯುತ್ತಿರುವಾಗಲೇ ಮೇಸ್ತ್ರಿ ಬಂದು ಪರದೆಯ ಮುಂದೆ ಕೈಕಟ್ಟಿ ನಿಂತರು.

“ಕಾಕಾ, ಅದು…”

“ಬಾಯಿ ಮುಚ್ಚು. ನೋಡಾಕ ಬಿಡು.”

ಬಹಳ ಹೊತ್ತಿನ ಮೇಲೆ ಅವರು ತಲೆದೂಗಿದರು. “ಭಲೆ ಮಗಳ! ಹೆಂಚಿನ ಕೆಂಪು ನನಗೂ ಹಿಂಗ ಬಂದಿರಲಿಲ್ಲ. ತಡಿ, ಮಾಲಕರನ್ನ ಕರಕೊಂಡು ಬರ್ತೀನಿ.”

ಅವಳು ಬೆಳ್ಳನೆಯ ಹೆಂಚುಗಳನ್ನೊಮ್ಮೆ, ಮೇಸ್ತ್ರಿಯ ಮಬ್ಬಾದ ಕಣ್ಣುಗಳನ್ನೊಮ್ಮೆ ನೋಡಿದಳು.

“ಚಾ ಕುಡಿಸಿ ನಿಧಾನಕ್ಕ ಕರಕೊಂಡು ಬರ್ರಿ ಕಾಕಾ,” ಎನ್ನುತ್ತಾ, ಸದ್ದಾಗದಂತೆ ಕೆಂಪು ಡಬ್ಬಿಯ ಮುಚ್ಚಳ ತೆಗೆದಳು.