ಸಾಹೇಬರ ಚೊಕ್ಕಟ ತಟ್ಟೆ

ಲ್ಯಾಬಿಗೆ ಕಾಲಿಟ್ಟ ಕೂಡಲೇ ನಮ್ಮ ಪಿಎಚ್‌ಡಿ ಗೈಡ್ ಸಾಹೇಬರು ಬೈಯಲು ಒಬ್ಬರನ್ನು ಹುಡುಕುತ್ತಾರೆ. ಮೊನ್ನೆ ನಾನು ಸಿಕ್ಕೆ. ಬೆಳ್ಳಿಯ ನ್ಯಾನೊ ಕಣ ಚಿಕ್ಕದಾದಷ್ಟೂ ಬ್ಯಾಕ್ಟೀರಿಯಾ ಹೆಚ್ಚು ಸಾಯಬೇಕು. ಬ್ಯಾಕ್ಟೀರಿಯಾ ಬೆಳೆಸುವ ನನ್ನ ಗಾಜಿನ ತಟ್ಟೆಯಲ್ಲಿ ಸತ್ತಿರಲಿಲ್ಲ.

"ಚಿಕ್ಕ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿವೆ ಸರ್."

"ಗಂಟಾಗಿರೋದು ನಿನ್ನ ತಲೆಯೊಳಗೆ ಕಣಮ್ಮ. ಅತ್ಲಾಗೆ ಸರಿ, ನಾನೇ ಮಾಡ್ತೀನಿ."

ನನ್ನನ್ನು ಹೊರಗೆ ಕಳಿಸಿ, ಎಷ್ಟೋ ವರ್ಷದಿಂದ ಮುಟ್ಟದ ಏಪ್ರನ್ ತೊಟ್ಟು, ತಟ್ಟೆಗಳನ್ನೆಲ್ಲ ಅವರೇ ಸಿದ್ಧಮಾಡಿದರು. ಮರುದಿನ ನನ್ನ ಸಂಶೋಧನೆ ನೋಡಲು ಪರೀಕ್ಷಕಿ ಬಂದಾಗ ಸಾಹೇಬರು ಒಂದನ್ನು ಬೆಳಕಿಗೆ ಎತ್ತಿ ಹಿಡಿದರು.

"ನೋಡಿ ಮೇಡಂ, ಅತಿ ಚಿಕ್ಕ ಕಣ. ಒಂದೇ ಒಂದು ಬ್ಯಾಕ್ಟೀರಿಯಾ ಉಳಿದಿಲ್ಲ. ಇವಳು ವರ್ಷವಿಡೀ ಒದ್ದಾಡಿದ್ದು ನನಗೆ ಅರ್ಧ ದಿನದ ಕೆಲಸ."

"ಬೆಳ್ಳಿ ಹಾಕದೇ ಇರೋ ತಟ್ಟೆನೂ ತೋರಿಸಿ, ಹೋಲಿಸಿ ನೋಡೋಣ," ಎಂದರು ಮೇಡಂ.

ತಂದಿಟ್ಟೆ. ಬ್ಯಾಕ್ಟೀರಿಯಾ ತುಂಬಿರಬೇಕಾದ ಅದೂ ಅಷ್ಟೇ ಚೊಕ್ಕಟವಾಗಿತ್ತು.

"ಇದಕ್ಕೂ ಬೆಳ್ಳಿ ಸುರಿದೆಯೇನೇ, ದಡ್ಡಿ?" ಎಂದು ಸಾಹೇಬರು ನನ್ನ ಮೇಲೆ ಹರಿಹಾಯ್ದರು.

ನಾನು ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದೆ.

"ಇಲ್ಲ ಸರ್. ಬ್ಯಾಕ್ಟೀರಿಯಾ ಟ್ಯೂಬಿನ ಸೀಲನ್ನೇ ನೀವು ಒಡೆದಿಲ್ಲ."